ಎರಡೂ ಮೊಣಕಾಲಿಗೆ ಒಮ್ಮೆಗೇ ಆಪರೇಷನ್: ಆಸ್ಪತ್ರೆಯ ಆರು ದಿನ ಸಾಗಿಸೋದು ಹೇಗೆ

ಒಂದು ಮೊಣಕಾಲು ಬದಲಿಸಿಕೊಂಡವರಿಗೆ ಇನ್ನೊಂದು ಕಾಲು ಇರುತ್ತದೆ. ಅದರ ಮೇಲೆ ಭಾರ ಹಾಕಿ ಏಳಬಹುದು. ಊತ ಬಂದರೆ ಅದರ ಪಕ್ಕ ಇಟ್ಟು ನೋಡಬಹುದು. ರಾತ್ರಿ ಅದನ್ನೇ ಊರಿ ಹಾಸಿಗೆಯಲ್ಲಿ ಸರಿಯಬಹುದು. ಎರಡೂ ಒಮ್ಮೆಗೇ ಮಾಡಿಸಿಕೊಂಡರೆ ಇದ್ಯಾವುದೂ ಇಲ್ಲ. ಕಲಬುರಗಿಯಲ್ಲಿ ನಮ್ಮವ್ವನಿಗೆ ಎರಡೂ ಕಾಲಿನ ಆಪರೇಷನ್ ಆದಾಗ ಈ ಮಾತು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ವಾರ ಅವಳಿಗೆ ಕಾಲು ಅಂದರೆ ಅವಳ ಎರಡು ಕೈ. ಅದರ ಜೊತೆ ಮಂಚದ ಎತ್ತರ, ಕುರ್ಚಿಯ ಹಿಡಿಕೆ, ಪಕ್ಕದಲ್ಲಿ ನಿಂತವರು. ಮುಂದೆ ಹೇಳೋದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ನಾನು ಡಾಕ್ಟರ್ ಅಲ್ಲ, ಆರು ರಾತ್ರಿ ಪಕ್ಕದ ಬೆಂಚಿನ ಮೇಲೆ ಮಲಗಿದ ಮಗಳು. ಗುಳಿಗೆ, ಸೂಜಿ, ವ್ಯಾಯಾಮದ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಸೇರೋ ಮುಂಚೆ

ಎರಡೂ ಒಮ್ಮೆಗೇ ಮಾಡೋದು ಎಲ್ಲರಿಗೂ ಆಗುವಂಥದ್ದಲ್ಲ. ಹೃದಯ, ಶ್ವಾಸಕೋಶ ಗಟ್ಟಿ ಇರಬೇಕು. ಇಲ್ಲದಿದ್ದರೆ ಡಾಕ್ಟರೇ “ಒಂದು ಈಗ, ಇನ್ನೊಂದು ಕೆಲವು ತಿಂಗಳು ಬಿಟ್ಟು” ಅನ್ನುತ್ತಾರೆ. ಹಾಗಂದರೆ ಹಠ ಮಾಡಬೇಡಿ.

ನಮ್ಮ ಕಡೆ ಇದಕ್ಕೊಂದು ಸರಿಯಾದ ಕಾಲ ಇದೆ ಅಂತ ನನ್ನ ಲೆಕ್ಕ: ತೊಗರಿ ರಾಶಿ ಮುಗಿದ ಮೇಲೆ, ಬಿಸಿಲು ಏರೋ ಮುಂಚೆ. ರಾಶಿಯ ಹೊತ್ತಲ್ಲಿ ಮನೆಯಲ್ಲಿ ಯಾರ ಕೈಯೂ ಖಾಲಿ ಇರಲ್ಲ, ಆಸ್ಪತ್ರೆಯಲ್ಲಿ ಕೂರೋರು ಯಾರು? ಇನ್ನು ಮೇ ತಿಂಗಳ 43 ಡಿಗ್ರಿಯಲ್ಲಿ ತೊಡೆತನಕ ಬಿಗಿ ಸಾಕ್ಸ್ ಹಾಕಿ ಮಲಗೋದು ಶಿಕ್ಷೆಯೇ ಸರಿ. ನಾವು ಫೆಬ್ರವರಿ ಆರಿಸಿದೆವು. ಅವ್ವನಿಗೆ ಒಂದೇ ಬೇಜಾರು. ಹೋಳಿ ಆದ ಮೇಲೆ ಬರೋ ಶರಣಬಸವೇಶ್ವರ ಜಾತ್ರೆಗೆ ಆ ಗದ್ದಲದಲ್ಲಿ ಹೋಗೋಕಾಗಲ್ಲ. “ಈ ವರ್ಷ ತೇರು ಟಿವ್ಯಾಗ ನೋಡ್ತೀನಿ ಬಿಡು” ಅಂದಳು.

ಆಪರೇಷನ್ನಿಗೆ ಮೂರು-ನಾಲ್ಕು ವಾರ ಇರುವಾಗಲೇ ಕೈಗೆ ಕೆಲಸ ಕೊಡಿ. ಹಿಡಿಕೆ ಇರೋ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಹಿಡಿಕೆ ಒತ್ತಿ ಮೈ ಮೇಲೆತ್ತಬೇಕು, ನಿಧಾನಕ್ಕೆ ಇಳಿಸಬೇಕು. ದಿನಕ್ಕೆ ಎರಡು ಹೊತ್ತು, ಹತ್ತತ್ತು ಸಲ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅವ್ವನದು ಐವತ್ತು ವರ್ಷ ರೊಟ್ಟಿ ಬಡಿದ ಕೈ, ಮೊದಲ ದಿನವೇ ಹದಿನೈದು ಮಾಡಿದಳು. ಆಮೇಲೆ ಮಂಚದಿಂದ ಅವಳನ್ನು ಎಬ್ಬಿಸಿದ್ದು ಈ ಕೈಗಳೇ.

ಹಲ್ಲಿನ ಹುಳುಕು, ಉರಿ ಮೂತ್ರ, ಕಾಲ್ಬೆರಳ ಸಂದಿಯ ಹುಣ್ಣು, ಇಂಥದ್ದೇನಿದ್ದರೂ ಮೊದಲೇ ಡಾಕ್ಟರಿಗೆ ಹೇಳಿ. ಸಣ್ಣ ಸೋಂಕು ರಕ್ತದ ಮೂಲಕ ಹೊಸ ಮೊಣಕಾಲಿಗೆ ಹೋಗಿ ಕೂತರೆ ತೆಗೆಯೋದು ಬಹಳ ಕಷ್ಟ. ಶುಗರ್ ಹತೋಟಿಗೆ ಬರಲೇಬೇಕು. ತಂಬಾಕು, ಗುಟಕಾ, ಬೀಡಿ ಬಿಡಬೇಕು, ಗಾಯ ಮಾಯೋಕೆ ಅದು ಬಿಡಲ್ಲ. ರಕ್ತ ತೆಳುವಾಗಿಸೋ ಗುಳಿಗೆ ತಗೊಳ್ಳುತ್ತಿದ್ದರೆ ಯಾವಾಗ ನಿಲ್ಲಿಸಬೇಕು ಅಂತ ಕೇಳಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಎರಡು ಕಾಲಿಗೆ ರಕ್ತ ಜಾಸ್ತಿ ಹೋಗುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮೊದಲೇ ಏರಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬಿಬ್ಬರು ರಕ್ತ ಕೊಡೋಕೆ ತಯಾರಿರಲಿ.

ರೂಮು ನೋಡೋಕೆ ಹೋದಾಗ ಅಳತೆ ಟೇಪು ಒಯ್ಯಿರಿ. ತಮಾಷೆ ಮಾಡುತ್ತಿಲ್ಲ. ನಾವು ಎಸಿ ಇದೆಯಾ, ಟಿವಿ ಇದೆಯಾ ನೋಡಿ ದುಡ್ಡು ಕಟ್ಟಿದೆವು. ಮೂರನೇ ದಿನ ಅವ್ವ ವಾಕರ್ ಹಿಡಿದು ಬಾತ್ರೂಮಿನ ತನಕ ಹೋದಳು. ಬಾಗಿಲಿಗಿಂತ ವಾಕರ್ ಎರಡು ಬೆರಳು ಅಗಲ! ಹಿಂದೆ ತಿರುಗೋಕಾಗಲ್ಲ, ಮುಂದೆ ಹೋಗೋಕಾಗಲ್ಲ. ಬೆವರಿ ನಡುಗುತ್ತಾ ನಿಂತಿದ್ದಳು. ಕೊನೆಗೆ ಹಿಂದೆ ಕುರ್ಚಿ ತಂದಿಟ್ಟು ಅಲ್ಲೇ ಕೂರಿಸಿದೆವು. ಬಾಗಿಲ ಅಗಲ, ಕಮೋಡ್ ಇದೆಯಾ, ಪಕ್ಕದ ಗೋಡೆಗೆ ಹಿಡಿಯೋ ಕಂಬಿ ಇದೆಯಾ, ಮಂಚ ಮೇಲೆ-ಕೆಳಗೆ ಆಗುತ್ತದಾ, ತಲೆ ಮೇಲೆ ಹಿಡಿದು ಎದ್ದೇಳೋಕೆ ತೂಗುಹಿಡಿ ಇದೆಯಾ, ಈ ಐದು ನೋಡಿ. ಟಿವಿ ಆಮೇಲೆ.

ಬ್ಯಾಗಿಗೆ ಹಾಕೋದು: ಹಿಂದೆ ಪಟ್ಟಿ ಇರೋ ಚಪ್ಪಲಿ, ಕನ್ನಡಕ, ಕಿವಿ ಮಷಿನ್ ಇದ್ದರೆ ಅದು, ಹಳೇ ಚೀಟಿ ಮತ್ತು ದಿನಾ ತಗೊಳ್ಳೋ ಗುಳಿಗೆ, ಮಲಗಿಯೇ ನೀರು ಕುಡಿಯೋಕೆ ಮಡಚೋ ಸ್ಟ್ರಾ, ಒಂದು ನೋಟ್‌ಬುಕ್ಕು, ನಾಲ್ಕು ಜೆಲ್ ಐಸ್ ಪ್ಯಾಕು. ನಾಲ್ಕು ಯಾಕೆ ಅಂದರೆ ಎರಡು ಕಾಲ ಮೇಲೆ ಇರುವಾಗ ಇನ್ನೆರಡು ಫ್ರಿಜ್ಜಿನಲ್ಲಿ ಇರಬೇಕು. ಮತ್ತೆ ಸಡಿಲವಾದ ನೈಟಿ. ಅವ್ವ ಜನ್ಮದಲ್ಲಿ ನೈಟಿ ಹಾಕಿದವಳಲ್ಲ. “ಅಳಿಯ ಬರ್ತಾನ, ಬೀಗರು ಬರ್ತಾರ, ನಾ ಹಾಕಂಗಿಲ್ಲ” ಅಂತ ಪಟ್ಟು ಹಿಡಿದಳು. ಸೀರೆಯಲ್ಲಿ ದಿನಕ್ಕೆ ಹತ್ತು ಸಲ ಮೊಣಕಾಲು ತೋರಿಸೋಕಾಗಲ್ಲ, ನಡೆಯುವಾಗ ಅಂಚು ತೊಡರುತ್ತದೆ. ಹಳೇ ಇಳಕಲ್ ಸೀರೆ ಹರಿದು, ಅದರ ಸೆರಗನ್ನು ನೈಟಿ ಮೇಲೆ ಹೊದಿಸಿದ ಮೇಲೆ ಒಪ್ಪಿದಳು. ಗಂಡಸರಿಗೆ ಚಡ್ಡಿ ಅಥವಾ ಗಿಡ್ಡ ಕಟ್ಟಿದ ಲುಂಗಿ ಸಾಕು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಇದ್ದರೆ ಸೇರೋ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಯ ಕೆಲಸಕ್ಕೆ ಸಹಾಯ ಮಾಡೋರು) ಕಂಡು ಮಾತಾಡಿ. ಯಾವ ಆಸ್ಪತ್ರೆಯಲ್ಲಿ ಆಗುತ್ತದೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾ ಅಂತ ಕೇಳಿ. ಸೇರಿದ ಮೇಲೆ ಓಡಾಡಿದರೆ ಕೆಲಸ ಆಗಲ್ಲ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಅನ್ನೋ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ವಿಚಾರಿಸೋಕೆ ಅಲ್ಲಿಂದಲೇ ಶುರು ಮಾಡಬಹುದು.

ಆಪರೇಷನ್ ದಿನ

ಈ ದಿನ ನಿಮಗೆ ಮಾಡೋಕೆ ಜಾಸ್ತಿ ಏನಿಲ್ಲ. ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಮಾಡುತ್ತಾರೆ. ಒಳಗೆ ಹೋದವರು ವಾರ್ಡಿಗೆ ಬರೋಕೆ ನಾಲ್ಕೈದು ತಾಸು, ಕೆಲವು ಕಡೆ ಮೊದಲ ರಾತ್ರಿ ಐಸಿಯು. ಎರಡೂ ಕಾಲಿಗೆ ದಪ್ಪ ಪಟ್ಟಿ, ಕೈಗೆ ಸಲೈನ್, ಮೂತ್ರಕ್ಕೆ ನಳಿಗೆ, ಒಮ್ಮೊಮ್ಮೆ ಗಾಯದಿಂದ ರಕ್ತ ಇಳಿಯೋಕೆ ಇನ್ನೊಂದು ನಳಿಗೆ. ನೋಡಿದರೆ ಎದೆ ಧಸಕ್ಕನ್ನುತ್ತದೆ. ಎಲ್ಲ ಒಂದೆರಡು ದಿನದಲ್ಲಿ ತೆಗೆಯುವಂಥವು.

ಕಾಲಿಗೆ ಸ್ಪರ್ಶ ಬರುತ್ತಿದ್ದಂತೆ ಮೊದಲ ಕೆಲಸ ಪಾದ ಆಡಿಸೋದು. ಹೊಲಿಗೆ ಮಷಿನ್ ತುಳಿದಂತೆ ಪಾದ ಮುಂದೆ, ಪಾದ ಹಿಂದೆ. ಎಚ್ಚರ ಇರೋ ಪ್ರತಿ ತಾಸಿಗೂ ಹತ್ತಿಪ್ಪತ್ತು ಸಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಇದು. ಹೊಟ್ಟೆಯ ಚರ್ಮಕ್ಕೆ ಕೊಡೋ ಸಣ್ಣ ಸೂಜಿ ಅಥವಾ ಗುಳಿಗೆ, ಬಿಗಿ ಸಾಕ್ಸು, ಮೀನಖಂಡವನ್ನು ಬುಸ್ ಅಂತ ಒತ್ತಿ ಬಿಡೋ ಗಾಳಿ ಪಟ್ಟಿ, ಎಲ್ಲಾ ಅದಕ್ಕೇ.

ಮೂರು ಬಣ್ಣದ ಚೆಂಡಿರೋ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಡುತ್ತಾರೆ. ಊದಬೇಡಿ, ನಳಿಕೆಯಿಂದ ಉಸಿರು ಒಳಗೆ ಎಳೆಯಬೇಕು. ಪಕ್ಕದ ಮಂಚದ ಕಾಕಾ ಎರಡು ದಿನ ಊದಿ ಊದಿ “ಇದು ಕೆಟ್ಟದ ನೋಡ್ರಿ, ಚೆಂಡು ಏಳವಲ್ದು” ಅನ್ನುತ್ತಿದ್ದರು. ಎಳೆದರೆ ಚೆಂಡು ಏಳುತ್ತದೆ, ಶ್ವಾಸಕೋಶ ಅರಳುತ್ತದೆ, ಕಫ ಕಟ್ಟಲ್ಲ.

ನೋವಿನ ಲೆಕ್ಕ ಇಡೋದು

ಮೊದಲ ರಾತ್ರಿ ನೋವು ಕಡಿಮೆ ಇದ್ದರೆ ಮೋಸ ಹೋಗಬೇಡಿ. ಮರಗಟ್ಟಿಸಿದ ಔಷಧ ಇನ್ನೂ ಕೆಲಸ ಮಾಡುತ್ತಿರುತ್ತದೆ. ಅವ್ವ ಊರೆಲ್ಲಾ ಫೋನ್ ಮಾಡಿಸಿ “ಏನೂ ನೋವಿಲ್ಲ, ಸುಮ್ನೆ ಹೆದರಿದ್ದೆ” ಅಂದಳು. ಮರುದಿನ ಮಧ್ಯಾಹ್ನಕ್ಕೆ ಫೋನ್ ದಿಂಬಿನ ಕೆಳಗೆ ಹೋಯಿತು. ಎರಡನೇ, ಮೂರನೇ ದಿನವೇ ಗಟ್ಟಿ ದಿನಗಳು. ಇದು ಮೊದಲೇ ಗೊತ್ತಿದ್ದರೆ “ಏನೋ ತಪ್ಪಾಗಿದೆ” ಅನ್ನೋ ಹೆದರಿಕೆ ಇರಲ್ಲ.

ಸಿಸ್ಟರ್ ಬಂದು “ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು” ಅಂತ ಕೇಳುತ್ತಾರೆ. ಅವ್ವನಿಗೆ ಅದು ತಲೆಗೆ ಹೋಗಲಿಲ್ಲ. ಪ್ರತಿ ಸಲ “ಅದ ನೋಡ್ರಿ, ತಡ್ಕೊಳ್ಳಾಕತ್ತೀನಿ” ಅನ್ನೋಳು. ಸಿಸ್ಟರ್ ಸಣ್ಣ ಗುಳಿಗೆ ಕೊಟ್ಟು ಹೋಗೋರು. ಕೊನೆಗೆ ನಾನು ಕೇಳಿದೆ: “ಯವ್ವಾ, ಹದಿನಾರಾಣೆದಾಗ ಎಷ್ಟಾಣೆ ನೋವು?” ತಟ್ಟನೆ ಬಂತು ಉತ್ತರ: “ಬಲಗಾಲು ಹನ್ನೆರಡಾಣೆ, ಎಡಗಾಲು ಎಂಟಾಣೆ.” ಹನ್ನೆರಡಾಣೆ ಅಂದರೆ ಹತ್ತಕ್ಕೆ ಏಳೂವರೆ. ಸಿಸ್ಟರಿಗೆ ಹಾಗೇ ಹೇಳಿದೆ, ಡಾಕ್ಟರ್ ಔಷಧ ಬದಲಿಸಿದರು. ನಮ್ಮ ಹಿರಿಯರು ನೋವು ತಡೆಯೋದನ್ನೇ ದೊಡ್ಡತನ ಅಂದುಕೊಂಡಿರುತ್ತಾರೆ. ಇಲ್ಲಿ ತಡೆದರೆ ಕಾಲು ಆಡಲ್ಲ, ಆಡದ ಕಾಲು ಬಿಗಿಯುತ್ತದೆ.

ಎರಡು ಕಾಲಿನ ನೋವು ಒಂದೇ ಥರ ಇರಲ್ಲ, ಅದಕ್ಕೇ ನೋಟ್‌ಬುಕ್ಕಿನಲ್ಲಿ ಎಡ-ಬಲ ಬೇರೆ ಬೇರೆ ಬರೆಯಿರಿ. ಎಷ್ಟೊತ್ತಿಗೆ ಯಾವ ಗುಳಿಗೆ ಕೊಟ್ಟರು, ಯಾವಾಗ ನೋವು ಏರಿತು, ಅಷ್ಟೇ ಸಾಕು. ಎರಡು ದಿನದಲ್ಲಿ ನೋವಿನ ನಡಿಗೆ ತಿಳಿಯುತ್ತದೆ. ಆಮೇಲೆ ಫಿಸಿಯೋಥೆರಪಿಸ್ಟ್ ಬರೋ ವೇಳೆ ಕೇಳಿಕೊಳ್ಳಿ. ಅವರು ಬರೋದಕ್ಕೆ ಅರ್ಧ-ಮುಕ್ಕಾಲು ತಾಸು ಮುಂಚೆ ನೋವಿನ ಗುಳಿಗೆ ಹೊಟ್ಟೆಯಲ್ಲಿರೋ ಹಾಗೆ ಸಿಸ್ಟರ್ ಹತ್ತಿರ ಮಾತಾಡಿ ಹೊಂದಿಸಿ. ಇಡೀ ಆರು ದಿನದಲ್ಲಿ ನಮಗೆ ಅತಿ ಜಾಸ್ತಿ ಉಪಕಾರ ಮಾಡಿದ್ದು ಈ ಒಂದು ಹೊಂದಾಣಿಕೆ.

ಐಸ್ ಪ್ಯಾಕನ್ನು ತೆಳು ಟವಲಿನಲ್ಲಿ ಸುತ್ತಿ 15-20 ನಿಮಿಷ ಇಡಿ. ವ್ಯಾಯಾಮ ಮುಗಿದ ಕೂಡಲೇ ಇಟ್ಟರೆ ಊತ ಇಳಿಯುತ್ತದೆ. ಬರೀ ಚರ್ಮದ ಮೇಲೆ ಬೇಡ, ಪಟ್ಟಿ ಒದ್ದೆ ಆಗೋದೂ ಬೇಡ.

ಎರಡನೇ ರಾತ್ರಿ ಎರಡು ಗಂಟೆಗೆ ಅವ್ವ ಎದ್ದು ಕೂರೋಕೆ ನೋಡಿದಳು. “ಎಮ್ಮಿ ಹಗ್ಗ ಬಿಚ್ಚಿಕೊಂಡದ, ಕಟ್ಟಿ ಬರ್ತೀನಿ” ಅಂದಳು. ನನ್ನ ಕೈಕಾಲು ತಣ್ಣಗಾದವು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗೆ ತಾತ್ಕಾಲಿಕ ಗೊಂದಲ ಆಗೋದುಂಟು. ನೋವು, ನಿದ್ದೆಗೇಡು, ಕೆಲವು ಔಷಧ, ಸೋಡಿಯಂ ಅಥವಾ ಆಕ್ಸಿಜನ್ ಇಳಿಯೋದು, ಮೂತ್ರದ ಸೋಂಕು, ಕಾರಣ ಹಲವು. ಆ ಕ್ಷಣವೇ ಸಿಸ್ಟರನ್ನು ಕರೆಯಿರಿ. ಮಂಚದ ಪಕ್ಕದ ಕಂಬಿ ಏರಿಸಿ. ಸಣ್ಣ ದೀಪ ಹಚ್ಚಿ, ಕನ್ನಡಕ ಹಾಕಿ, ಪರಿಚಯದ ದನಿಯಲ್ಲಿ ಮಾತಾಡಿ. ವಾದ ಬೇಡ. ನಾನು “ತಮ್ಮ ಕಟ್ಟ್ಯಾನವ್ವಾ, ನೀ ಮಲಕೋ” ಅಂದೆ. ಮಲಗಿದಳು. ಆದರೂ ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸಿದರು, ಅದು ಆಗಲೇಬೇಕು. ಈ ಕಾರಣಕ್ಕೇ ರಾತ್ರಿ ಪಾಳಿಗೆ ಗಟ್ಟಿ ಆಳು, ಸುಲಭಕ್ಕೆ ಎಚ್ಚರ ಆಗೋರು ಇರಬೇಕು. ಹಗಲು ವೈನಿ (ಅತ್ತಿಗೆ), ರಾತ್ರಿ ನಾನು ಅಂತ ಹಂಚಿಕೊಂಡಿದ್ದೆವು.

ದಿಂಬಿನ ಜಗಳ

ಬಂದವರೆಲ್ಲ ಕೇಳೋದು “ಎಷ್ಟು ಮಡಚತದ?” ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು “ಎಷ್ಟು ನೆಟ್ಟಗಾಗತದ?” ಅಂತ. ಮೊಣಕಾಲು ಪೂರ್ತಿ ಚಾಚದಿದ್ದರೆ ನಿಂತಾಗ ಬಗ್ಗಿದಂತೆಯೇ ನಿಲ್ಲುತ್ತೀರಿ, ತೊಡೆ ಬೇಗ ದಣಿಯುತ್ತದೆ. ಎರಡೂ ಕಾಲು ಹಾಗಾದರೆ ನಡಿಗೆಯೇ ಕುಕ್ಕರಿಸಿದಂತೆ.

ಇದಕ್ಕೆ ದೊಡ್ಡ ಶತ್ರು ಮೊಣಕಾಲ ಕೆಳಗಿನ ದಿಂಬು. ದಿಂಬು ಇಟ್ಟರೆ ಹಾಯ್ ಅನಿಸುತ್ತದೆ, ಸುಳ್ಳಲ್ಲ. ಪ್ರೀತಿ ಇದ್ದವರೆಲ್ಲ ಇಡುತ್ತಾರೆ. ನಮ್ಮ ಅತ್ತೆ ದಿನಾ ಮಧ್ಯಾಹ್ನ ಬಂದು ಮೆಲ್ಲಗೆ ಎರಡು ದಿಂಬು ತುರುಕಿ ಹೋಗೋಳು, ಸಂಜೆ ಸಿಸ್ಟರ್ ಕಿತ್ತು ಬೆಂಚಿನ ಮೇಲೆ ಒಗೆಯೋರು. ಮೂರು ದಿನ ಇದೇ ನಡೆಯಿತು. ತಾಸುಗಟ್ಟಲೆ ಬಗ್ಗಿದ ಸ್ಥಿತಿಯಲ್ಲಿದ್ದರೆ ಹಿಂದಿನ ನರ-ಮಾಂಸ ಹಾಗೇ ಬಿಗಿಯುತ್ತವೆ.

ಬದಲಿಗೆ ಟವಲ್ ಸುರುಳಿ ಸುತ್ತಿ ಹಿಮ್ಮಡಿಯ ಸ್ವಲ್ಪ ಮೇಲೆ, ಕಣಕಾಲ ಕೆಳಗೆ ಇಡಿ. ಹಿಮ್ಮಡಿ ಗಾಳಿಯಲ್ಲಿರುತ್ತದೆ, ಮೊಣಕಾಲು ತನ್ನ ಭಾರಕ್ಕೆ ತಾನೇ ಚಾಚುತ್ತದೆ. ಐದೈದು ನಿಮಿಷದಿಂದ ಶುರು ಮಾಡಿ. ಇನ್ನೊಂದು ಲಾಭವೂ ಉಂಟು. ಎರಡೂ ಕಾಲು ಊರಿ ಸರಿಯೋಕಾಗದವರಿಗೆ ಹಿಮ್ಮಡಿಯಲ್ಲೂ ಕುಂಡಿಯಲ್ಲೂ ಒತ್ತು ಹುಣ್ಣು ಬೇಗ ಆಗುತ್ತದೆ. ದಿನಕ್ಕೆರಡು ಸಲ ಆ ಜಾಗ ಕೆಂಪಾಗಿದೆಯಾ ನೋಡಿ.

ಮೊದಲ ಸಲ ನಿಲ್ಲೋದು

ಬಹಳ ಕಡೆ ಮರುದಿನವೇ ನಿಲ್ಲಿಸುತ್ತಾರೆ. ಮೊದಲ ಸಲ ಫಿಸಿಯೋಥೆರಪಿಸ್ಟ್ ಇಲ್ಲದೆ ಯಾರೂ ಪ್ರಯತ್ನ ಮಾಡಬೇಡಿ. ಆಮೇಲಿನ ಸಲಗಳಿಗೆ ಕ್ರಮ ಹೀಗಿದೆ:

1. ಮಂಚ ಎತ್ತರಿಸಿ. ಕಾಲು ಇಳಿಬಿಟ್ಟು ಕೂತಾಗ ಸೊಂಟ ಮೊಣಕಾಲಿಗಿಂತ ಮೇಲಿರಬೇಕು. ಎತ್ತರ ಜಾಸ್ತಿ ಇದ್ದಷ್ಟು ಮೊಣಕಾಲಿಗೆ ಕೆಲಸ ಕಡಿಮೆ.
2. ಕೂತು ಎರಡು ನಿಮಿಷ ಸುಮ್ಮನಿರಿ. ತಲೆ ಸುತ್ತಿದರೆ, ಕಣ್ಣು ಕತ್ತಲಾದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ ಮಲಗಿಸಿ.
3. ಎರಡೂ ಪಾದ ತುಸು ಮುಂದೆ. ಚಪ್ಪಲಿ ಹಾಕಿರಬೇಕು, ಬರೀ ಸಾಕ್ಸಿನಲ್ಲಿ ಜಾರುತ್ತದೆ.
4. ಎರಡೂ ಕೈ ಮಂಚದ ಅಂಚಿಗೆ. ವಾಕರ್ ಹಿಡಿದು ಎಳೆದುಕೊಂಡು ಏಳಬೇಡಿ, ಅದು ನಿಮ್ಮ ಮೇಲೇ ಮಗುಚುತ್ತದೆ.
5. ಎದೆ ಮುಂದೆ ಬಾಗಿಸಿ ಕೈಯಿಂದ ಒತ್ತಿ ಏಳಿ. ಎದ್ದ ಮೇಲೆ ಒಂದೊಂದೇ ಕೈ ವಾಕರಿಗೆ.
6. ತೊಡೆ ಬಿಗಿ ಮಾಡಿ ಎರಡೂ ಮೊಣಕಾಲು ನೆಟ್ಟಗೆ. ಕಣ್ಣು ಎದುರಿನ ಗೋಡೆಗೆ, ಪಾದಕ್ಕಲ್ಲ.

ಅವ್ವ ಮೊದಲ ಸಲ ನಿಂತಾಗ ವಾಕರಿನ ಮೇಲಿದ್ದ ಅವಳ ಬೆರಳ ಗಿಣ್ಣು ಬೆಳ್ಳಗಾಗಿದ್ದವು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಹತ್ತು ಎಣಿಸೋವರೆಗೆ ನಿಂತಳು. “ನನ್ನ ಕಾಲು ಅನಿಸವಲ್ದು, ಯಾರದೋ ಹಚ್ಚಿದಂಗ ಆಗೇದ” ಅಂದಳು. ಕೂತ ಮೇಲೆ ಅವಳೇ ಗಮನಿಸಿದಳು. ಎಷ್ಟೋ ವರ್ಷದಿಂದ ಬಿಲ್ಲಿನಂತೆ ಹೊರಗೆ ಬಾಗಿದ್ದ ಕಾಲು ನೇರ ಆಗಿತ್ತು.

ನಡೆಯೋದಕ್ಕೆ ಕ್ರಮ ಸುಲಭ: ವಾಕರ್ ಮುಂದೆ, ಒಂದು ಕಾಲು, ಇನ್ನೊಂದು ಕಾಲು. ಹಿಮ್ಮಡಿ ಮೊದಲು ಊರಬೇಕು. ವಾಕರಿನ ಎತ್ತರ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿಗೆ ಬರೋ ಹಾಗೆ ಇರಲಿ. “ಒಳ್ಳೆ ಕಾಲು ಮೊದಲು ಮೆಟ್ಟಿಲು ಹತ್ತಲಿ” ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಒಳ್ಳೆ ಕಾಲೇ ಇಲ್ಲವಲ್ಲ! ಎರಡರಲ್ಲಿ ಯಾವುದು ಗಟ್ಟಿ ಅಂತ ಫಿಸಿಯೋಥೆರಪಿಸ್ಟ್ ನೋಡಿ ಹೇಳುತ್ತಾರೆ. ಅದು ಮೊದಲು ಹತ್ತುತ್ತದೆ, ಇಳಿಯುವಾಗ ಸೋತ ಕಾಲು ಮೊದಲು.

ಕೂರೋದು ಏಳೋದಕ್ಕಿಂತ ಅಪಾಯ. ದಣಿದಿರುತ್ತಾರೆ, ದೊಪ್ಪನೆ ಕುಸಿಯುತ್ತಾರೆ. ಕುರ್ಚಿ ಕಾಲಿನ ಹಿಂಭಾಗಕ್ಕೆ ತಾಗೋವರೆಗೆ ಹಿಂದೆ ಬರಬೇಕು, ಕೈ ಹಿಂದೆ ಚಾಚಿ ಹಿಡಿಕೆ ಹಿಡಿಯಬೇಕು, ಪಾದ ತುಸು ಮುಂದೆ ಜಾರಿಸಿ ನಿಧಾನಕ್ಕೆ ಇಳಿಯಬೇಕು. ಹಿಡಿಕೆ ಇಲ್ಲದ ಸ್ಟೂಲಿನ ಮೇಲೆ ಯಾವತ್ತೂ ಕೂರಿಸಬೇಡಿ.

ಹಾಸಿಗೆಯ ಮೇಲಿನ ಕಸರತ್ತು

ಪಾದ ಆಡಿಸೋದು ಆಯಿತು. ಇನ್ನು ಮೂರು. ಮೊಣಕಾಲ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಮಾಡಿ ಐದು ಎಣಿಸೋದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲು ಮಡಚೋದು. ನೆಟ್ಟಗಿನ ಕಾಲನ್ನು ಒಂದು ಗೇಣು ಮೇಲೆತ್ತೋದು. ಕೊನೆಯದು ಮೊದಲ ದಿನ ಏಳೋದೇ ಇಲ್ಲ, ಅಳಬೇಡಿ. ತೊಡೆಗೆ ಶಕ್ತಿ ಬಂದಂತೆ ಏಳುತ್ತದೆ. ಜಾರಿಸೋದು ಸುಲಭ ಆಗಲಿ ಅಂತ ನಾವು ಪಾದದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆವು.

ಮಡಚೋದರಲ್ಲಿ ಮನೆಗೆ ಹೋಗೋ ಹೊತ್ತಿಗೆ ಸುಮಾರು 90 ಡಿಗ್ರಿ ಗುರಿ. ಕೂತಾಗ ಪಾದ ಮೊಣಕಾಲ ನೇರ ಕೆಳಗೆ ಬಂದರೆ ಅಷ್ಟಾಯಿತು. ಪಕ್ಕದವರು ಮೂರನೇ ದಿನವೇ ಮುಟ್ಟಿದರು ಅಂತ ಹೋಲಿಕೆ ಬೇಡ, ಅವರದು ಒಂದೇ ಕಾಲು ಇರಬಹುದು. ಕಾಲನ್ನು ತಾನಾಗಿ ಮಡಚಿ ಚಾಚೋ ಮಷಿನ್ ಕೆಲವು ಕಡೆ ಇದೆ. ಇಲ್ಲದಿದ್ದರೆ ನಷ್ಟ ಏನಿಲ್ಲ, ಸ್ವಂತ ತೊಡೆಯಿಂದ ಮಾಡಿದ್ದೇ ಉಳಿಯೋದು.

ಬಾತ್ರೂಮು ಮತ್ತು ಊಟ

ಮೂತ್ರದ ನಳಿಗೆ ತೆಗೆದ ಮೇಲೆ ಕೆಲವು ತಾಸು ಮೂತ್ರ ಬರದಿದ್ದರೆ, ಹೊಟ್ಟೆ ಬಿಗಿದರೆ ಹೇಳಿ. ನಾಚಿಕೆಗೆ ನೀರು ಕುಡಿಯೋದು ಬಿಡೋ ಹೆಂಗಸರು ಬಹಳ. ಅದಕ್ಕೇ ಹೆಂಗಸರಿಗೆ ಹೆಂಗಸೇ ಜೊತೆಗಿರಬೇಕು. ಮಲಗಿದಲ್ಲೇ ಬೆಡ್‌ಪ್ಯಾನ್ ಇಡೋದು ಎರಡೂ ಕಾಲಿನವರಿಗೆ ದೊಡ್ಡ ಕಷ್ಟ, ಊರೋಕೆ ಕಾಲಿಲ್ಲ. ತೂಗುಹಿಡಿ ಹಿಡಿದು ಮೈ ಎತ್ತಬೇಕು. ಡಾಕ್ಟರ್ ಒಪ್ಪಿದ ಕೂಡಲೇ ಹಿಡಿಕೆ ಇರೋ ಕಮೋಡ್ ಕುರ್ಚಿಯನ್ನು ಮಂಚದ ಪಕ್ಕ ತಂದಿಡಿ. ಆಮೇಲೆ ಅದನ್ನೇ ಮನೆಗೆ ಒಯ್ಯಬಹುದು.

ನೋವಿನ ಗುಳಿಗೆಯಿಂದ ಮಲ ಕಟ್ಟುತ್ತದೆ. ಮೂರು ದಿನ ಆದರೂ ಹೋಗದಿದ್ದರೆ ಹೊಟ್ಟೆ ಉಬ್ಬಿ ಊಟ ಬಿಡುತ್ತಾರೆ. ಎರಡನೇ ದಿನವೇ ಸಿಸ್ಟರ್ ಹತ್ತಿರ ಔಷಧ ಕೇಳಿ. ಜೊತೆಗೆ ನೀರು, ಪಪ್ಪಾಯಿ, ಸೊಪ್ಪು.

ಗಾಯ ಮಾಯೋಕೆ ಬೇಕಾದ್ದು ಪ್ರೋಟೀನ್, ಅನ್ನದ ರಾಶಿ ಅಲ್ಲ. ನಮ್ಮ ಕಡೆ ಅದಕ್ಕೇನು ಬರ? ಗಟ್ಟಿ ತೊಗರಿ ಬ್ಯಾಳಿ, ಮೊಳಕೆ ಮಡಕಿ ಕಾಳು, ಮೊಸರು, ತಿನ್ನೋರಿಗೆ ಮೊಟ್ಟೆ. ಮೊದಲ ಎರಡು ದಿನ ಗಂಜಿ, ಇಡ್ಲಿ. ಮೂರನೇ ದಿನ ಅವ್ವ ಬಿಸಿ ರೊಟ್ಟಿಯನ್ನು ಬ್ಯಾಳಿಯಲ್ಲಿ ಮುರಿದು ನೆನೆಸಿ ತಿಂದಳು. ಅವತ್ತೇ ಮುಖಕ್ಕೆ ಕಳೆ ಬಂತು. ಶುಗರ್ ಇದ್ದರೆ ಮಾತಾಡಿಸೋಕೆ ಬಂದವರು ತಂದ ಬಿಸ್ಕತ್ತು, ಬಾಳೆಹಣ್ಣು, ಎಳನೀರು ಎಲ್ಲಾ ನೋಟ್‌ಬುಕ್ಕಿಗೆ ಬರೆಯಿರಿ. ಸಂಜೆ ಶುಗರ್ ಏಕೆ ಏರಿತು ಅಂತ ತಲೆ ಕೆರೆಯೋದು ತಪ್ಪುತ್ತದೆ.

ಮಾತಾಡಿಸೋಕೆ ಬರೋರು

ಊರಿಂದ ಜೀಪು ಮಾಡಿಕೊಂಡು ಹನ್ನೆರಡು ಜನ ಬರುತ್ತಾರೆ. ಬೇಡ ಅನ್ನೋಕೂ ಆಗಲ್ಲ. ಬಾಗಿಲಲ್ಲಿ ಕೈಗೆ ಹಾಕೋ ಸ್ಯಾನಿಟೈಸರ್ ಇಟ್ಟೆವು, ಮಂಚದ ಮೇಲೆ ಕೂರಬಾರದು ಅಂದೆವು, ಇಬ್ಬಿಬ್ಬರೇ ಒಳಗೆ. ಕೆಮ್ಮು-ನೆಗಡಿ ಇದ್ದವರು ಫೋನಿನಲ್ಲೇ ಮಾತಾಡಲಿ.

ಕಾಲು ಒತ್ತೋಕೆ ಮಾತ್ರ ಯಾರನ್ನೂ ಬಿಡಬೇಡಿ. ನಮ್ಮಲ್ಲಿ ಪ್ರೀತಿ ತೋರಿಸೋ ರೀತಿಯೇ ಅದು, ಕೂತ ಕೂಡಲೇ ಕೈ ಮೀನಖಂಡಕ್ಕೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಎಣ್ಣೆ, ಅರಿಶಿನ, ಮುಲಾಮು ಯಾವುದೂ ಬೇಡ. ದೊಡ್ಡಮ್ಮ ಮಠದಿಂದ ವಿಭೂತಿ ತಂದು ಪಟ್ಟಿಯ ಮೇಲೆ ಹಚ್ಚೋಕೆ ಹೋದರು. “ಹಣೆಗೆ ಹಚ್ರಿ ದೊಡ್ಡವ್ವಾ, ಪಟ್ಟಿಗೆ ಬ್ಯಾಡ” ಅಂದೆ. ಹಣೆಗೆ ದಂಡಿಯಾಗಿ ಹಚ್ಚಿದರು.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ತೊಡೆಯಿಂದ ಕಣಕಾಲ ತನಕ ನೀಲಿ-ಕಪ್ಪು ಬಣ್ಣ ಇಳಿಯುತ್ತದೆ. ಗಾಯದ ಹೊರಬದಿಯಲ್ಲಿ ಒಂದು ಜಾಗ ಜೋಮು ಹಿಡಿದಂತಿರುತ್ತದೆ. ಮೊಣಕಾಲು ಬೆಚ್ಚಗಿರುತ್ತದೆ, ಒಳಗೆ ಟಕ್ ಅನ್ನುತ್ತದೆ. ಮೊದಲೆರಡು ದಿನ ಸಣ್ಣ ಜ್ವರ ಬರಬಹುದು. ಡಾಕ್ಟರಿಗೆ ಒಂದು ಮಾತು ಹೇಳಿ, ನಿದ್ದೆಗೆಡಬೇಡಿ.

ತಟ್ಟನೆ ಉಸಿರು ಸಿಗದಿದ್ದರೆ, ಎದೆ ನೋವು, ಕೆಮ್ಮಿನಲ್ಲಿ ರಕ್ತ ಬಂದರೆ ಕೂಗಿ ಕರೆಯಿರಿ, ಬೆಲ್ ಒತ್ತಿ ಕಾಯಬೇಡಿ. ಪಾದ ತಣ್ಣಗಾದರೆ, ಬಿಳಿಚಿದರೆ, ಹೆಬ್ಬೆರಳು ಎತ್ತೋಕಾಗದಿದ್ದರೆ ಅದೂ ತುರ್ತು. ಪಟ್ಟಿ ಪದೇ ಪದೇ ನೆನೆಯುತ್ತಿದ್ದರೆ, ಕೀವು ಕಂಡರೆ, ಚಳಿ ಜ್ವರ ಬಂದರೆ ಅವತ್ತೇ ಹೇಳಿ.

ಮೀನಖಂಡದ ಊತದ ವಿಷಯ ಎರಡೂ ಕಾಲಿನವರಿಗೆ ತೊಡಕು. ಒಂದೇ ಕಾಲಾದರೆ ಇನ್ನೊಂದರ ಜೊತೆ ಹೋಲಿಸಬಹುದು. ಇಲ್ಲಿ ಎರಡೂ ಊದಿರುತ್ತವೆ. ನಾನು ದರ್ಜಿ ಟೇಪಿನಿಂದ ದಿನಾ ಬೆಳಿಗ್ಗೆ ಎರಡೂ ಮೀನಖಂಡದ ಸುತ್ತಳತೆ ಒಂದೇ ಜಾಗದಲ್ಲಿ ಅಳೆದು ಬರೆದೆ. ಒಂದು ಮಾತ್ರ ನಿನ್ನೆಗಿಂತ ಜಾಸ್ತಿ ಆಗಿ, ಬಿಗಿದು ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ಅಳತೆ ಒಂದೇ ಇದೆ ಅಂತ ಸುಮ್ಮನಿರಬೇಡಿ, ಹೊಸ ನೋವು ಕಂಡರೂ ಹೇಳಿ.

ಮನೆಗೆ ಹೊರಡೋದು

ಎಷ್ಟನೇ ದಿನ ಅನ್ನೋದಕ್ಕಿಂತ ಏನು ಮಾಡೋಕೆ ಬರುತ್ತದೆ ಅನ್ನೋದು ಮುಖ್ಯ. ಸ್ವಲ್ಪ ಆಸರೆಯಲ್ಲಿ ಮಂಚದಿಂದ ಎದ್ದು, ವಾಕರಿನಲ್ಲಿ ಬಾತ್ರೂಮಿಗೆ ಹೋಗಿ, ಕೂತು ಎದ್ದು ಬರಬೇಕು. ಗಾಯ ಒಣಗಿರಬೇಕು, ಗುಳಿಗೆಗೆ ನೋವು ಬಗ್ಗಬೇಕು. ಮನೆಯಲ್ಲಿ ಮೆಟ್ಟಿಲಿದ್ದರೆ ಆಸ್ಪತ್ರೆಯಲ್ಲೇ ಎರಡು ಮೆಟ್ಟಿಲು ಅಭ್ಯಾಸ ಮಾಡಿಸಿ.

ಬಿಲ್ಲಿನಲ್ಲಿ ಕೃತಕ ಮೊಣಕಾಲಿನ ಬೆಲೆ ಬೇರೆಯಾಗಿ ಇರಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಇದಕ್ಕೆ ಮಿತಿ ಹಾಕಿತು. ಆಗ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಸೆಟ್ಟಿಗೆ 54,720 ರೂಪಾಯಿ, ಜಿಎಸ್‌ಟಿ ಬೇರೆ. ಈಗಿನ ಮಿತಿ ಎಷ್ಟು ಅಂತ ಕೌಂಟರಿನಲ್ಲಿ ಕೇಳಿ. ಒಂದು ಕಾಲಿಗೆ ಒಂದು ಸೆಟ್, ಎರಡಕ್ಕೆ ಎರಡು. ಬ್ಯಾಚ್ ನಂಬರಿನ ಸ್ಟಿಕರು ಎರಡೂ ಕಾಲಿನದು ಫೈಲಿನಲ್ಲಿ ಅಂಟಿಸಿದ್ದಾರಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ರಕ್ತ ಹೆಪ್ಪುಗಟ್ಟದ ಔಷಧ ಮನೆಯಲ್ಲೂ ಕೆಲವು ವಾರ ಇರುತ್ತದೆ. ಯಾವ ತಾರೀಖಿನ ತನಕ ಅಂತ ಬರೆಸಿಕೊಳ್ಳಿ. ಕ್ಲಿಪ್ಪು ಅಥವಾ ಹೊಲಿಗೆ ತೆಗೆಯೋದು ಸಾಮಾನ್ಯವಾಗಿ 12ರಿಂದ 14 ದಿನಕ್ಕೆ. ಸೊಲ್ಲಾಪುರ, ಹೈದರಾಬಾದಿನಲ್ಲಿ ಮಾಡಿಸಿಕೊಂಡವರು ಅದನ್ನು ಊರ ಹತ್ತಿರವೇ ತೆಗೆಸಬಹುದಾ ಅಂತ ಅಲ್ಲಿಂದ ಹೊರಡೋ ಮುಂಚೆ ಕೇಳಿ.

ಬಸ್ಸು, ಆಟೋ, ಟಂಟಂ ಬೇಡ. ಕಾರಿನ ಮುಂದಿನ ಸೀಟು ಪೂರ್ತಿ ಹಿಂದೆ ಸರಿಸಿ, ಬೆನ್ನು ವಾಲಿಸಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಸಿ. ಸೀಟಿಗೆ ಬೆನ್ನು ಕೊಟ್ಟು ಮೊದಲು ಕೂರಬೇಕು, ಆಮೇಲೆ ಮೈ ತಿರುಗಿಸುತ್ತಾ ಎರಡೂ ಕಾಲನ್ನು ಇನ್ನೊಬ್ಬರು ಎತ್ತಿ ಒಳಗಿಡಬೇಕು. ಚೀಲ ಇದ್ದರೆ ಸಲೀಸಾಗಿ ತಿರುಗುತ್ತಾರೆ. ಕೂತಲ್ಲೇ ಪಾದ ಆಡಿಸುತ್ತಿರಲಿ. ಮುಕ್ಕಾಲು ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಕಾಲು ಚಾಚಿಸಿ. ನಾವು ಆಳಂದ ರಸ್ತೆಯಲ್ಲಿ ಒಂದು ಸಲ ನಿಲ್ಲಿಸಿದೆವು. ಗುಂಡಿ ಬಂದಾಗಲೆಲ್ಲಾ ಗಾಡಿ ಓಡಿಸೋ ತಮ್ಮನಿಗೆ ಹಿಂದಿನ ಸೀಟಿನಿಂದ ನನ್ನ ಬೈಗುಳ.

ಮನೆಯ ಶಹಾಬಾದ್ ಫರ್ಸಿ ಒದ್ದೆ ಆದರೆ ಗಾಜಿನಂತೆ ಜಾರುತ್ತದೆ, ಅವತ್ತು ನೆಲ ಒರೆಸೋದು ಬೇಡ ಅಂತ ವೈನಿಗೆ ಫೋನ್ ಮಾಡಿದ್ದೆ. ಅವ್ವ ಹೊಸ್ತಿಲು ದಾಟೋ ಮುಂಚೆ ತನ್ನ ಮಾಮೂಲಿ ಕಟ್ಟೆಯ ಕಡೆ ವಾಕರ್ ತಿರುಗಿಸಿದಳು. ಆ ಕಟ್ಟೆ ಮೊಣಕಾಲಿಗಿಂತ ತಗ್ಗು, ಹಿಡಿಯೋಕೆ ಏನೂ ಇಲ್ಲ. ಅದರ ಪಕ್ಕಕ್ಕೆ ಹಿಡಿಕೆ ಕುರ್ಚಿ ತಂದು, ಕಾಲಿಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿ, ಅಲ್ಲಾಡುತ್ತದಾ ಅಂತ ನಾನೇ ಕೂತು ನೋಡಿ, ಆಮೇಲೆ ಕೂರಿಸಿದೆ.